ಹಳೇ ಮಿಷನ್ ಗಟ್ಟಿ, ಸರಿ. ಹೊಸದಕ್ಕೆ ರಿಪೇರಿ ಮಾಡೋರು ಯಾರು?

ಹೋದ ದಸರಾ ರಜೆಗೆ ನಾವು ನಾಲ್ಕು ಜನ ಹಿಂದೂಪುರದ ಕಡೆ ಹೋಗೋ ರೈಲು ಹತ್ತಿ ತೊಂಡೇಬಾವಿಯಲ್ಲಿ ಇಳಿದ್ವಿ. ನಮ್ಮಲ್ಲೊಬ್ಬನ ಊರು ಅದು. ಅವರ ಮನೆಯವರು ನೀಲಗಿರಿ ತೋಪು ಕಡಿಸ್ತಾ ಇದ್ರು. ನಾವು ಹೋಗಿದ್ದು ಊಟಕ್ಕೆ, ಮರ ಕಡಿಯೋದನ್ನ ನೋಡೋಕಲ್ಲ. ಆದ್ರೆ ಮೂರು ದಿನ ಅಲ್ಲಿದ್ದು ವಾಪಸ್ ಬರೋವಾಗ ನಮ್ಮ ತಲೇಲಿ ಇದ್ದಿದ್ದು ಒಂದೇ ವಿಷಯ: ಚೈನ್ ಸಾ. ಅಲ್ಲಿ ಎಲ್ಲರೂ ಅದನ್ನ 'ಕಟಿಂಗ್ ಮಿಷನ್' ಅಂತಾರೆ, ನಾವೂ ಹಾಗೇ ಬರೀತೀವಿ.

ನೀಲಗಿರಿಗೂ ನಮ್ಮ ಈ ಜಿಲ್ಲೆಗೂ ಹಳೇ ನಂಟು. ಭಾರತದಲ್ಲಿ ಮೊದಲು ನೀಲಗಿರಿ ನೆಟ್ಟಿದ್ದು ಇಲ್ಲೇ ನಂದಿಬೆಟ್ಟದಲ್ಲಿ, ಸುಮಾರು 1790ರಲ್ಲಿ, ಟಿಪ್ಪು ಸುಲ್ತಾನನ ತೋಟದಲ್ಲಿ ಅಂತ ಹೇಳ್ತಾರೆ. ಆಮೇಲೆ ಅದು ಬಯಲಿಗೆ ಇಳಿದು ರೈತರ ಹೊಲಕ್ಕೂ ಬಂತು. ಬೋರ್‌ವೆಲ್ ಬತ್ತಿದವರಿಗೆ ಅದೇ ಆಸರೆ, ಅಂತರ್ಜಲ ಇಳಿದಿದ್ದಕ್ಕೆ ಬೈಸಿಕೊಂಡಿದ್ದೂ ಅದೇ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧಿಸಿತು. ಆದ್ರೆ ನೆಟ್ಟಿರೋದು ಕಡಿದಷ್ಟೂ ಬುಡದಿಂದ ಚಿಗುರುತ್ತೆ, ಕೆಲವು ವರ್ಷಕ್ಕೊಮ್ಮೆ ಮತ್ತೆ ಕಡೀಬೇಕು. ಹಾಗಾಗಿ ಈ ಮಿಷನ್‌ಗೆ ಕೆಲಸ ತಪ್ಪಿಲ್ಲ. ನೀಲಗಿರಿ ಇಲ್ದಿದ್ರೆ ಸೀಮೆಜಾಲಿ, ಅದೂ ಇಲ್ದಿದ್ರೆ ಗಾಳಿಗೆ ಬಿದ್ದ ಹುಣಸೆ ಮರ.

ತೋಪಿನಲ್ಲಿ ಎರಡು ಮಿಷನ್ ಇತ್ತು. ಒಂದು ಇಪ್ಪತ್ತು ವರ್ಷಕ್ಕಿಂತ ಹಳೇದು, ಬಣ್ಣ ಎಲ್ಲಾ ಹೋಗಿ ಲೋಹ ಕಾಣ್ತಿತ್ತು. ಇನ್ನೊಂದು ಹಿಂದಿನ ವರ್ಷ ತಗೊಂಡಿದ್ದು, ವೃತ್ತಿಪರರ ಮಾಡೆಲ್, ಕಾರ್ಬ್ಯುರೇಟರ್‌ಗೆ ಎಲೆಕ್ಟ್ರಾನಿಕ್ ಕಂಟ್ರೋಲ್ ಇರೋದು. ಮಿಷನ್ ನಡೆಸೋ ಅಣ್ಣ ಹೊಸದನ್ನೇ ಹಿಡಿದಿದ್ರು. ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಿದ್ದ ತಾತ ಮಾತ್ರ, "ಏನ್ರಪ್ಪಾ ಇಂಜಿನಿಯರ್‌ಗಳೇ, ಹಳೇದರ ಗಟ್ಟಿತನ ಇದಕ್ಕಿದೆಯಾ?" ಅಂತ ಕೇಳಿದ್ರು. ನಾವು ನಕ್ಕು ಸುಮ್ಮನಾದ್ವಿ. ಉತ್ತರ ಗೊತ್ತಿರಲಿಲ್ಲ ಅನ್ನೋದು ನಿಜ.

ಎರಡನೇ ದಿನ ಹೊಸ ಮಿಷನ್ ನಿಂತು ಹೋಯ್ತು. ಸ್ಟಾರ್ಟ್ ಆಗುತ್ತೆ, ಆಕ್ಸಿಲರೇಟರ್ ಒತ್ತಿದ್ರೆ ಸಾಯುತ್ತೆ. ಪ್ಲಗ್ ಬದಲಾಯಿಸಿದ್ರು, ಏರ್ ಫಿಲ್ಟರ್ ತೊಳೆದ್ರು, ಆಗಲಿಲ್ಲ. ಹಳೇ ಕಾರ್ಬ್ಯುರೇಟರ್‌ನಲ್ಲಾದ್ರೆ ಎರಡು ಸ್ಕ್ರೂ ಇರ್ತಿತ್ತು, ಸ್ಕ್ರೂಡ್ರೈವರ್‌ನಲ್ಲಿ ಕಾಲು ಸುತ್ತು ತಿರುಗಿಸಿ ನೋಡಬಹುದಿತ್ತು. ಇದರಲ್ಲಿ ಆ ಸ್ಕ್ರೂಗಳೇ ಇಲ್ಲ. ಗೌರಿಬಿದನೂರಿಗೆ ಫೋನ್ ಮಾಡಿದ್ರೆ, "ಅದಕ್ಕೆ ಲ್ಯಾಪ್‌ಟಾಪ್ ಹಾಕಿ ನೋಡಬೇಕು, ಬೆಂಗಳೂರಿಗೇ ಕಳಿಸಿ, ಪಾರ್ಟ್ ಬರೋಕೆ ಹತ್ತು ದಿನ ಆಗಬಹುದು" ಅಂದ್ರು. ಲಾರಿ ಮಾರನೇ ದಿನ ಬರೋದು ಅಂತ ಆಗಲೇ ಮಾತಾಗಿತ್ತು. ಅಣ್ಣ ಹಳೇ ಮಿಷನ್ ಎತ್ತಿಕೊಂಡ್ರು.

ಅದು ಎರಡನೇ ಎಳೆತಕ್ಕೆ ಸ್ಟಾರ್ಟ್ ಆಯ್ತು. ತಾತನ ಮುಖ ನೋಡಬೇಕಿತ್ತು. ಆದ್ರೆ ಸಂಜೆ ನಾಲ್ಕರ ಹೊತ್ತಿಗೆ ಬಾರ್‌ನ ತುದಿ ಪಕ್ಕದ ದಿಮ್ಮಿಗೆ ತಾಗಿ ಮಿಷನ್ ಹಿಂದಕ್ಕೆ ಎಗರಿತು. ಹಳೇದಕ್ಕೆ ಚೈನ್ ಬ್ರೇಕ್ ಇರಲಿಲ್ಲ. ಅಣ್ಣನ ಎಡಗೈಗೆ ಏಳು ಹೊಲಿಗೆ ಬಿತ್ತು. ಬೆರಳು ಉಳೀತು. ಡಾಕ್ಟರು ಒಂದು ತಿಂಗಳು ಕೆಲಸ ಮಾಡಬೇಡಿ ಅಂದ್ರು. ದಿನಗೂಲಿಯವರಿಗೆ ಒಂದು ತಿಂಗಳು ಅಂದ್ರೆ ಏನು ಅಂತ ನಾವು ಬಿಡಿಸಿ ಹೇಳಬೇಕಿಲ್ಲ.

ಹಳೇದಾ ಹೊಸದಾ ಅನ್ನೋ ಈ ಚರ್ಚೆ ಟೀ ಅಂಗಡಿಗೆ ಬಿಡೋ ಅಂಥದ್ದಲ್ಲ ಅಂತ ನಮಗೆ ಅನ್ನಿಸಿದ್ದು ಆಗ. ಹಾಸ್ಟೆಲ್‌ಗೆ ಬಂದ ಮೇಲೆ ಓದಿದ್ವಿ, ಲೆಕ್ಕ ಹಾಕಿದ್ವಿ, ಜಗಳವೂ ಆಡಿದ್ವಿ. ನಮ್ಮ ಅಭಿಪ್ರಾಯ ಇದು.

ಮೊದಲು ತಾತನ ಮಾತು. ಹಳೇದು ಗಟ್ಟಿ ಅನ್ನೋದರಲ್ಲಿ ಅರ್ಧ ಸತ್ಯ ಖಂಡಿತ ಇದೆ. ಸ್ಟಿಲ್ ಕಂಪನಿಯ 070 ಅನ್ನೋ ಹಳೇ ಮಾಡೆಲ್ ತಗೊಳ್ಳಿ. 106 ಸಿಸಿ ಇಂಜಿನ್. ನಮ್ಮ ಕ್ಯಾಂಪಸ್‌ನ ದೇವರಾದ ಆರ್‌ಎಕ್ಸ್ 100 ಬೈಕಿನದು 98 ಸಿಸಿ. ಅಂದ್ರೆ ಬೈಕಿಗಿಂತ ದೊಡ್ಡ ಇಂಜಿನ್‌ನ ಕೈಯಲ್ಲಿ ಹಿಡಿದು ಮರ ಕೊಯ್ಯೋದು! ಅಷ್ಟು ದೊಡ್ಡ ಇಂಜಿನ್ ನಿಧಾನಕ್ಕೆ ತಿರುಗಿದ್ರೂ ಸಾಕಷ್ಟು ಬಲ ಬರುತ್ತೆ. ನಿಧಾನಕ್ಕೆ ತಿರುಗಿದ್ರೆ ಬೇರಿಂಗ್, ಪಿಸ್ಟನ್ ರಿಂಗ್ ಎಲ್ಲಾ ಕಡಿಮೆ ಸವೆಯುತ್ತೆ. ಇವತ್ತಿನ ಮಿಷನ್‌ಗಳು ನಿಮಿಷಕ್ಕೆ 13 ಸಾವಿರ ಸುತ್ತು ದಾಟುತ್ತವೆ. ಅಂದ್ರೆ ಸೆಕೆಂಡಿಗೆ 216 ಸಲ ಪಿಸ್ಟನ್ ಮೇಲೆ ಕೆಳಗೆ. ಅಲ್ಲಿ ಸಣ್ಣ ತಪ್ಪಿಗೂ ಕ್ಷಮೆ ಇಲ್ಲ.

ಇನ್ನರ್ಧ ಏನು? ಎರಡನೇ ಸೆಮ್‌ನಲ್ಲಿ ಒಬ್ಬ ಮೇಷ್ಟ್ರು ಹೇಳಿಕೊಟ್ಟಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಉಳಿದದ್ದನ್ನ ಮಾತ್ರ ಎಣಿಸಿ ಲೆಕ್ಕ ಹಾಕಿದ್ರೆ ಲೆಕ್ಕ ತಪ್ಪುತ್ತೆ. ಆರ್‌ಎಕ್ಸ್ 100 ತಯಾರಿ 1996ರಲ್ಲೇ ನಿಂತಿತು. ಇವತ್ತು ರೋಡಲ್ಲಿ ಕಾಣೋ ಬೈಕೆಲ್ಲ ಚೆನ್ನಾಗಿ ನೋಡಿಕೊಂಡಿದ್ದಕ್ಕೆ ಉಳಿದವು. ಗುಜರಿಗೆ ಹೋದವು ನಮ್ಮ ಕಣ್ಣಿಗೆ ಬೀಳಲ್ಲ. ತಾತನ ಊರಲ್ಲೂ ಅಷ್ಟೇ, ಕೆಟ್ಟು ಹೋದ ಹಳೇ ಮಿಷನ್‌ಗಳ ಬಗ್ಗೆ ಯಾರೂ ಕಥೆ ಹೇಳಲ್ಲ. ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಜೀವನವಿಡೀ ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಅಂತ ಹೇಳಿಕೊಂಡು ಬಂದ್ರು. 'ಹಳೇದು ಗಟ್ಟಿ' ಅನ್ನೋದನ್ನೂ ಕೇಳಿಯೇ ಒಪ್ಪಬೇಕು.

ಹಳೇದರ ಗಟ್ಟಿತನಕ್ಕೆ ಬೆಲೆ ಕಟ್ಟಿದ್ದು ಅದನ್ನ ಹಿಡಿದವರ ಮೈ. 070ರ ಇಂಜಿನ್ ಭಾಗದ ತೂಕವೇ ಹತ್ತು ಕೆ.ಜಿ. ದಾಟುತ್ತೆ. ಅದೇ ಕಂಪನಿ 2019ರಲ್ಲಿ ತಂದ ಎಂಎಸ್ 500ಐ ಅನ್ನೋದು 79 ಸಿಸಿ, 6.2 ಕೆ.ಜಿ., ಶಕ್ತಿ 5 ಕಿಲೋವ್ಯಾಟ್. ದಿನಕ್ಕೆ ಎಂಟು ಗಂಟೆ ಹಿಡಿಯೋರಿಗೆ ನಾಲ್ಕು ಕೆ.ಜಿ. ಅಂದ್ರೆ ಸಣ್ಣ ವಿಷಯ ಅಲ್ಲ. ಹಳೇದರಲ್ಲಿ ನಡುಕ ಜಾಸ್ತಿ. ವರ್ಷಗಟ್ಟಲೆ ಆ ನಡುಕ ತಿಂದ್ರೆ ಬೆರಳುಗಳ ರಕ್ತನಾಳ, ನರ ಹಾಳಾಗಿ ಬೆರಳು ಬಿಳಿಚಿಕೊಂಡು ಜೋಮು ಹಿಡಿಯುತ್ತೆ.

ಬ್ರೇಕಿನ ವಿಷಯಕ್ಕೆ ಒಂದು ಸಣ್ಣ ಲೆಕ್ಕ. ಮೂರು ಎಂಟನೇ ಇಂಚು ಪಿಚ್‌ನ ಚೈನು, ಏಳು ಹಲ್ಲಿನ ಸ್ಪ್ರಾಕೆಟ್ಟು. ಒಂದು ಸುತ್ತಿಗೆ ಚೈನ್ ಸುಮಾರು 133 ಮಿ.ಮೀ. ಓಡುತ್ತೆ. ನಿಮಿಷಕ್ಕೆ 10 ಸಾವಿರ ಸುತ್ತು ಅಂದ್ರೆ ಸೆಕೆಂಡಿಗೆ 22 ಮೀಟರ್, ಗಂಟೆಗೆ 80 ಕಿ.ಮೀ. ಬಾರ್‌ನ ತುದಿಯ ಮೇಲ್ಭಾಗ ಮರಕ್ಕೆ ತಾಗಿದ್ರೆ ಆ ವೇಗವೆಲ್ಲ ಮಿಷನ್ನನ್ನ ನಿಮ್ಮ ಕಡೆಗೇ ಎಸೆಯುತ್ತೆ. ಕೈ ತೆಗೆಯೋಣ ಅಂತ ಯೋಚಿಸೋಕೂ ಟೈಮ್ ಇರಲ್ಲ. ಚೈನ್ ಬ್ರೇಕ್ ಇದ್ರೆ ಆ ಎಗರಿಗೇ ಬ್ರೇಕ್ ಬಿದ್ದು ಚೈನ್ ಕಣ್ಣು ಮಿಟುಕಿಸೋದರೊಳಗೆ ನಿಲ್ಲುತ್ತೆ. ಇದು ಇಲ್ಲದ ಮಿಷನ್ನನ್ನ ಎಷ್ಟೇ ಗಟ್ಟಿ ಇದ್ರೂ ನಾವು ಒಳ್ಳೇ ಮಿಷನ್ ಅನ್ನಲ್ಲ.

ಹೊಸದರ ಪರವಾಗಿ ಇನ್ನೊಂದು ಮಾತಿದೆ, ನಮಗೇ ಆಶ್ಚರ್ಯ ಆಗಿದ್ದು. ಈಗ ಬಂಕ್‌ಗಳಲ್ಲಿ ಸಿಗೋದು ಇ20, ಅಂದ್ರೆ ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಬರೀ ಪೆಟ್ರೋಲ್ ಪೂರ್ತಿ ಉರಿಯೋಕೆ ಅದರ ತೂಕದ 14.7 ಪಟ್ಟು ಗಾಳಿ ಬೇಕು, ಇ20ಗೆ ಸುಮಾರು 13.5 ಪಟ್ಟು ಸಾಕು. ಹಳೇ ಸ್ಕ್ರೂ ಸೆಟ್ಟಿಂಗ್ ಹಾಗೇ ಬಿಟ್ರೆ ಗಾಳಿ ಜಾಸ್ತಿ, ಇಂಧನ ಕಡಿಮೆ ಆಗಿ ಇಂಜಿನ್ ಬಿಸಿಯಾಗುತ್ತೆ. ಟೂ-ಸ್ಟ್ರೋಕ್ ಇಂಜಿನ್‌ನಲ್ಲಿ ಪಿಸ್ಟನ್‌ಗೆ ಆಯಿಲ್ ಬರೋದೂ ಪೆಟ್ರೋಲಿನ ಜೊತೆಗೇ, ಹಾಗಾಗಿ ಪಿಸ್ಟನ್ ಜಾಮ್ ಆಗೋ ಅಪಾಯ ಜಾಸ್ತಿ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತೆ, ಹಳೇ ರಬ್ಬರ್ ಪೈಪು, ಡಯಾಫ್ರಮ್‌ಗಳನ್ನೂ ಹಾಳು ಮಾಡುತ್ತೆ. ತಿಂಗಳುಗಟ್ಟಲೆ ಟ್ಯಾಂಕಲ್ಲಿ ಪೆಟ್ರೋಲ್ ಬಿಟ್ಟು ಮೂಲೇಲಿಟ್ಟ ಮಿಷನ್ ಸ್ಟಾರ್ಟ್ ಆಗದೇ ಇರೋದಕ್ಕೆ ಇದೂ ಒಂದು ಕಾರಣ. ಸ್ಟಿಲ್‌ನ ಎಂ-ಟ್ರಾನಿಕ್, ಹಸ್ಕ್‌ವಾರ್ನಾದ ಆಟೋಟ್ಯೂನ್ ಥರದ ವ್ಯವಸ್ಥೆಗಳು ಗಾಳಿ-ಇಂಧನದ ಪ್ರಮಾಣವನ್ನ ತಾವೇ ಸರಿ ಮಾಡಿಕೊಳ್ಳುತ್ತವೆ. ಅಂದ್ರೆ ತಾತ ಅನುಮಾನದಿಂದ ನೋಡ್ತಿದ್ದ ಎಲೆಕ್ಟ್ರಾನಿಕ್ಸೇ ಇವತ್ತಿನ ಪೆಟ್ರೋಲಿಗೆ ಇಂಜಿನ್ ಕಾಯೋದು.

ಹಾಗಾದ್ರೆ ಹೊಸದೇ ಒಳ್ಳೇದು ಅಂತ ಮುಗಿಸಬಹುದಿತ್ತು. ಆದ್ರೆ ತೋಪಿನಲ್ಲಿ ಹೊಸದು ನಿಂತಿತ್ತು, ಹಳೇದು ಓಡಿತ್ತು. ಅಣ್ಣನ ಕೈ ಕೊಯ್ದಿದ್ದು ಹಳೇ ಮಿಷನ್, ಆದ್ರೆ ಅದನ್ನ ಅವರ ಕೈಗೆ ಕೊಟ್ಟಿದ್ದು ಗೌರಿಬಿದನೂರಲ್ಲಿ ಸಿಗದ ಒಂದು ಪಾರ್ಟು.

ಬಾಳಿಕೆ ಅನ್ನೋದು ಮಿಷನ್ನಿನ ಒಳಗೆ ಮಾತ್ರ ಇರೋ ಗುಣ ಅಂತ ನಾವು ತಿಳ್ಕೊಂಡಿದ್ವಿ. ಅದು ಸ್ಪೇರ್ ಪಾರ್ಟ್ ಅಂಗಡಿಯಲ್ಲಿದೆ, ಮೆಕ್ಯಾನಿಕ್‌ನ ಕೈಯಲ್ಲಿದೆ, ಊರಿಂದ ಅಂಗಡಿಗೆ ಎಷ್ಟು ಕಿಲೋಮೀಟರ್ ಅನ್ನೋದರಲ್ಲಿದೆ. ಕೆಲವು ಸಾವಿರಕ್ಕೆ ಸಿಗೋ ಚೀನಾದ 52 ಸಿಸಿ, 58 ಸಿಸಿ ಮಿಷನ್‌ಗಳು ಹಳ್ಳಿಹಳ್ಳಿಗೂ ಬಂದಿರೋದೂ ಇದಕ್ಕೇ. ಅವು ಬೇಗ ಕೆಡುತ್ತೆ ಅಂತ ಎಲ್ಲರಿಗೂ ಗೊತ್ತು. ಆದ್ರೆ ಯಾವ ಬೋರ್ಡಿನ ಹೆಸರಲ್ಲಿ ಬಂದ್ರೂ ಒಳಗಿನ ಪಾರ್ಟ್ ಹೆಚ್ಚುಕಮ್ಮಿ ಒಂದೇ, ಕೆಟ್ಟ ಸಂಜೆಯೇ ಸಿಗುತ್ತೆ. ದುಬಾರಿ ಮಿಷನ್ ಹತ್ತು ದಿನ ಕಾಯಿಸಿದ್ರೆ ಜನ ಯಾವುದನ್ನ ನಂಬ್ತಾರೆ?

ಇದೇ ಮಿಷನ್ನಿನಲ್ಲೇ ಇದಕ್ಕೆ ಪರಿಹಾರದ ಉದಾಹರಣೆಯೂ ಇದೆ: ಚೈನು. ಅಮೆರಿಕದ ಮರಕಡಿಯೋ ಕೆಲಸಗಾರ ಜೋ ಕಾಕ್ಸ್, ಮರ ಕೊರೆಯೋ ಹುಳದ ದವಡೆ ನೋಡಿ ಈಗಿನ ರೂಪದ ಚೈನ್ ಮಾಡಿ 1947ರಲ್ಲಿ ಕಂಪನಿ ಶುರು ಮಾಡಿದ. ಇವತ್ತಿಗೂ ಮೂಲ ವಿನ್ಯಾಸ ಅದೇ. ಪಿಚ್, ಗೇಜ್, ಕೊಂಡಿಗಳ ಸಂಖ್ಯೆ ಈ ಮೂರು ಹೊಂದಿದ್ರೆ ಸಾಕು, ಒಂದು ಕಂಪನಿಯ ಚೈನ್ ಇನ್ನೊಂದರ ಮಿಷನ್ನಿಗೆ ಕೂರುತ್ತೆ. ಹಾಗಾಗಿ ಚೈನ್ ಎಲ್ಲೆಲ್ಲೂ ಸಿಗುತ್ತೆ. ಎಲೆಕ್ಟ್ರಾನಿಕ್ ಕಾರ್ಬ್ಯುರೇಟರ್ ಮಾತ್ರ ಅದೇ ಕಂಪನಿಯದೇ ಆಗಬೇಕು, ಅದನ್ನ ಪರೀಕ್ಷಿಸೋ ಸಾಫ್ಟ್‌ವೇರ್ ಕೂಡ ಅವರದೇ. ಇದು ತಂತ್ರಜ್ಞಾನದ ಅನಿವಾರ್ಯತೆ ಅಂತ ನಮಗೆ ಅನ್ನಿಸಲ್ಲ, ಯಾರೋ ಕೂತು ಮಾಡಿದ ತೀರ್ಮಾನ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕಿನ' ಬಗ್ಗೆ ಒಂದು ಸಮಿತಿ ಮಾಡಿತು. ಮೊಬೈಲ್, ವಾಹನ, ಮನೆಬಳಕೆ ವಸ್ತುಗಳ ಜೊತೆಗೆ ಕೃಷಿ ಉಪಕರಣಗಳನ್ನೂ ಪಟ್ಟಿಯಲ್ಲಿ ಸೇರಿಸಿತು. ಚರ್ಚೆಯಲ್ಲಿ ಫೋನಿನ ಡಿಸ್‌ಪ್ಲೇ, ಬ್ಯಾಟರಿ ಬಗ್ಗೆ ನಾವೆಲ್ಲ ಮಾತಾಡ್ತೀವಿ. ಫೋನ್ ಕೆಟ್ರೆ ನಮಗೆ ಒಂದು ವಾರ ರೀಲ್ಸ್ ಇರಲ್ಲ ಅಷ್ಟೇ. ಆ ಹಕ್ಕು ನಿಜವಾಗಿ ಬೇಕಿರೋದು ತೊಂಡೇಬಾವಿಯ ತೋಪಿನಲ್ಲಿ. ವೃತ್ತಿಪರರಿಗೆ ಅಂತ ಮಾರೋ ಮಿಷನ್ನಿಗೆ ಹತ್ತು ವರ್ಷ ಸ್ಪೇರ್ ಕೊಡಬೇಕು, ದೋಷ ಪತ್ತೆ ಮಾಡೋ ಸಲಕರಣೆ ತಾಲ್ಲೂಕಿನ ಮೆಕ್ಯಾನಿಕ್‌ಗೂ ಸಿಗಬೇಕು, ಸರ್ವಿಸ್ ಪುಸ್ತಕ ಕನ್ನಡದಲ್ಲೂ ಇರಬೇಕು. ಇಷ್ಟು ಕೇಳೋದು ಜಾಸ್ತಿ ಅಲ್ಲ ಅನ್ನೋದು ನಮ್ಮ ವಾದ.

ಗೌರಿಬಿದನೂರಿನ ಹತ್ತಿರವೇ 1976ರಿಂದ ಒಂದು ರೇಡಿಯೋ ದೂರದರ್ಶಕ ಕೇಂದ್ರ ಇದೆ. 'ಟಿ' ಆಕಾರದಲ್ಲಿ ಸಾವಿರ ಡೈಪೋಲ್ ಆಂಟೆನಾ ನಿಲ್ಲಿಸಿ ಶುರು ಮಾಡಿದ್ದು. 1997ರಲ್ಲಿ ಅಲ್ಲೇ ಸೂರ್ಯನನ್ನ ನೋಡೋಕೆ ಹೊಸ ಆಂಟೆನಾಗಳು ಬಂದವು. ಮಳೆ ಬಿಸಿಲಲ್ಲಿ ನಿಲ್ಲೋ ತಂತಿ ಕಂಬಗಳ ಜಾಗ ಇಷ್ಟು ದಶಕ ಕೆಲಸ ಮಾಡ್ತಿದೆ ಅಂದ್ರೆ, ಅದನ್ನ ಬಿಚ್ಚಿ ಸರಿ ಮಾಡಬಲ್ಲವರು ಪಕ್ಕದಲ್ಲೇ ಇದ್ದಾರೆ ಅನ್ನೋದೇ ದೊಡ್ಡ ಕಾರಣ. ಆಕಾಶ ನೋಡೋ ಯಂತ್ರಕ್ಕೆ ಸಿಗೋ ಈ ಸೌಲಭ್ಯ ಅದೇ ತಾಲ್ಲೂಕಿನಲ್ಲಿ ಮರ ಕೊಯ್ಯೋ ಯಂತ್ರಕ್ಕೆ ಇಲ್ಲ.

ಇಲ್ಲಿ ನಮ್ಮ ಪಾಲೂ ಇದೆ. ನಾವು ಕ್ಯಾಡ್‌ನಲ್ಲಿ ಡಿಸೈನ್ ಮಾಡ್ತೀವಿ, ತೂಕ ಕಡಿಮೆ ಮಾಡಿ ಮಾರ್ಕ್ಸ್ ತಗೊಳ್ತೀವಿ. ಇದನ್ನ ಸ್ಪ್ಯಾನರ್ ಒಂದೇ ಇರೋರು ಬಿಚ್ಚಬಹುದಾ ಅಂತ ವೈವಾದಲ್ಲಿ ಒಬ್ಬರೂ ಕೇಳಿಲ್ಲ. ಮುಂದೆ ಇಂಥ ಮಿಷನ್ ಮಾಡೋ ಕಂಪನಿಗಳಿಗೆ ಕೆಲಸಕ್ಕೆ ಹೋಗೋದು ನಾವೇ. ಸದ್ಯಕ್ಕೆ ಒಂದು ಸಣ್ಣ ಪ್ರಸ್ತಾಪ: ಈ ಸಲದ ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಒಂದು ದಿನ ಕಟಿಂಗ್ ಮಿಷನ್ ಸರ್ವಿಸ್‌ಗೆ ಇಡೋಣ. ಗೊತ್ತಿರೋ ಮೆಕ್ಯಾನಿಕ್ ಒಬ್ಬರನ್ನ ಕರೆಸಿ, ಫೈಲ್ ಹಿಡಿದು ಚೈನ್ ಸಾಣೆ ಹಿಡಿಯೋದು, ಫಿಲ್ಟರ್ ತೊಳೆಯೋದು, ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್ಲಾ 40 ಮಿ.ಲೀ. ಆಯಿಲ್ಲಾ ಅಂತ ಅವರವರ ಮಿಷನ್ ಪುಸ್ತಕ ನೋಡಿ ಟ್ಯಾಂಕ್ ಮೇಲೆ ಕನ್ನಡದಲ್ಲಿ ಬರೆದು ಅಂಟಿಸೋದು. ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳೋದಕ್ಕಿಂತ ಇದರಿಂದ ಕಲಿಯೋದು ಜಾಸ್ತಿ.

ಮನೆಯಲ್ಲಿ ಮಿಷನ್ ತಗೊಳ್ಳೋ ಮಾತು ಬಂದ್ರೆ ನಾವು ಹೇಳೋದು ಇಷ್ಟು. ಚೈನ್ ಬ್ರೇಕ್ ಇಲ್ಲದ್ದು ಬೇಡ, ಎಷ್ಟೇ ಗಟ್ಟಿ ಇರಲಿ. ಹೊಸದು ತಗೊಳ್ಳಿ, ಆದ್ರೆ ದುಡ್ಡು ಕೊಡೋ ಮೊದಲು ಕಾರ್ಬ್ಯುರೇಟರ್, ಕ್ಲಚ್, ಸ್ಟಾರ್ಟರ್ ಹಗ್ಗ ಈ ಮೂರೂ ನಿಮ್ಮ ತಾಲ್ಲೂಕಲ್ಲಿ ಸಿಗುತ್ತಾ ಅಂತ ಕೇಳಿ. "ತರಿಸಿಕೊಡ್ತೀವಿ" ಅಂದ್ರೆ ಎಷ್ಟು ದಿನಕ್ಕೆ ಅಂತ ಬರೆಸಿಕೊಳ್ಳಿ.

ಅಣ್ಣನ ಹೊಲಿಗೆ ಬಿಚ್ಚಿದ್ದಾರೆ. ಹೊಸ ಮಿಷನ್ ಹದಿಮೂರನೇ ದಿನಕ್ಕೆ ವಾಪಸ್ ಬಂತಂತೆ. ಹಳೇದನ್ನ ಗುಜರಿಗೆ ಹಾಕಿ ಅಂತ ನಮ್ಮ ಗೆಳೆಯ ಫೋನಲ್ಲಿ ಹೇಳಿದ್ರೆ ಅಣ್ಣ ಒಪ್ಪಿಲ್ಲ. "ಇದು ಮತ್ತೆ ಕೆಟ್ರೆ?" ಅಂತ ಕೇಳಿದ್ರಂತೆ. ಅದಕ್ಕೆ ನಮ್ಮ ಹತ್ರ ಇನ್ನೂ ಉತ್ತರ ಇಲ್ಲ.