ಹೆರಿಗೆಯ ಸಾವು ದೇವರ ಚಿತ್ತವೇ?

ಬಾಣಂತಿಯೊಬ್ಬಳು ತೀರಿಕೊಂಡಾಗ 'ಎಲ್ಲವೂ ದೇವರ ಚಿತ್ತ' ಎಂದು ಹೇಳುವುದು ನಮ್ಮಲ್ಲಿ ರೂಢಿ. ಸಾಂತ್ವನದ ಮಾತೆಂದು ಅದನ್ನು ಸಹಿಸಬಹುದು; ಸಿದ್ಧಾಂತವೆಂದು ನಾವು ಒಪ್ಪಲಾರೆವು. ಮನುಷ್ಯನು ಅನುಭವಿಸುವ ಕೇಡು ಬೇರೆ, ಮನುಷ್ಯನು ಎಸಗುವ ಕೇಡು ಬೇರೆ ಎಂದು ಸಂತ ಅಗಸ್ಟೀನರು ಬಹು ಹಿಂದೆಯೇ ವಿಂಗಡಿಸಿದ್ದಾರೆ. (ಆದಿಕಾಂಡದಲ್ಲಿ ಹವ್ವಳಿಗೆ ನುಡಿದದ್ದನ್ನು ಇಲ್ಲಿಗೆ ಎಳೆದು ತರುವವರೂ ಇದ್ದಾರೆ. ಅಲ್ಲಿರುವುದು ಪ್ರಸವವೇದನೆಯ ಮಾತು, ಸಾವಿನದಲ್ಲ.)

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಗರ್ಭ ಮತ್ತು ಹೆರಿಗೆಯ ಕಾರಣದಿಂದ ಸುಮಾರು 2,60,000 ಸ್ತ್ರೀಯರು ಮೃತರಾದರು. ಇವರಲ್ಲಿ ನೂರಕ್ಕೆ 70ರಷ್ಟು ಮಂದಿ ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕದವರು. ಲಕ್ಷ ಜನನಗಳಿಗೆ ಸಿರಿವಂತ ದೇಶಗಳಲ್ಲಿ 10 ತಾಯಂದಿರು ಸತ್ತರೆ, ಕಡುಬಡ ದೇಶಗಳಲ್ಲಿ 346. ಸ್ತ್ರೀಯ ದೇಹವಾದರೋ ಎಲ್ಲೆಡೆಯೂ ಒಂದೇ. ರಕ್ತಸ್ರಾವವನ್ನು ತಡೆಯುವ ಆಕ್ಸಿಟೋಸಿನ್, ಗರ್ಭಿಣಿಗೆ ಬರುವ ಸೆಳವನ್ನು ತಡೆಯುವ ಮೆಗ್ನೀಸಿಯಂ ಸಲ್ಫೇಟ್, ಎರಡೂ ಹಳೆಯ ಮತ್ತು ಅಗ್ಗದ ಔಷಧಗಳು. ಆದರೆ ಆಕ್ಸಿಟೋಸಿನ್ನನ್ನು ತಂಪಿನಲ್ಲಿಡಬೇಕು. ಅದಕ್ಕೆ ವಿದ್ಯುತ್ತು ಬೇಕು. ಚುಚ್ಚಲು ನುರಿತ ದಾದಿ ಬೇಕು, ಆಸ್ಪತ್ರೆ ಮುಟ್ಟಲು ರಸ್ತೆ ಬೇಕು. ಮದ್ದೇ ಗೊತ್ತಿಲ್ಲದ ಕಾಲದಲ್ಲಿ ಇಂಥ ಸಾವು ದುರ್ದೈವವಾಗಿತ್ತು. ಮದ್ದಿದ್ದೂ ತಲುಪಿಸದಿದ್ದರೆ ಅದಕ್ಕೆ ಪಾಪವೆಂದೇ ಹೆಸರು.

ಈ ಮಾತನ್ನು ಆಡುವ ಧರ್ಮಸಭೆಗೂ ತನ್ನದೇ ಚರಿತ್ರೆಯಿದೆ. ವ್ರತಧಾರಿ ಭಗಿನಿಯರು ವೈದ್ಯವೃತ್ತಿ ನಡೆಸುವುದಕ್ಕೂ ಹೆರಿಗೆ ಮಾಡಿಸುವುದಕ್ಕೂ ಅದರ ನಿಯಮಗಳೇ ದೀರ್ಘಕಾಲ ಅಡ್ಡವಾಗಿದ್ದವು. ರಾವಲ್ಪಿಂಡಿಯ ಕಡೆಯಲ್ಲಿ ಪರದೆಯೊಳಗಿನ ಸ್ತ್ರೀಯರು ಪುರುಷ ವೈದ್ಯರಲ್ಲಿಗೆ ಹೋಗಲಾರದೆ ಸಾಯುತ್ತಿದ್ದುದನ್ನು ಕಂಡು ಮರುಗಿದ ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್‌ಲಾರೆನ್ ಹಲವು ಬಾರಿ ರೋಮಿಗೆ ಹೋಗಿ ಬೇಡಿಕೊಂಡರು. ಅನುಮತಿಯನ್ನು ಕಾಣದೆಯೇ 1913ರಲ್ಲಿ ನಿಧನರಾದರು. ಅವರಿಂದ ಪ್ರೇರಿತರಾದ ಆಸ್ಟ್ರಿಯದ ಅನ್ನಾ ಡೆಂಗೆಲ್ 1920ರಲ್ಲಿ ವೈದ್ಯೆಯಾಗಿ ರಾವಲ್ಪಿಂಡಿಗೆ ಬಂದರು. 1925ರಲ್ಲಿ ವಾಷಿಂಗ್ಟನ್ನಿನಲ್ಲಿ ಅವರು ಕಟ್ಟಿದ ವೈದ್ಯಕೀಯ ಭಗಿನಿಯರ ಸಂಘವು ಸಾರ್ವಜನಿಕ ವ್ರತಗಳಿಗಾಗಿ ಹನ್ನೊಂದು ವರ್ಷ ಕಾಯಬೇಕಾಯಿತು. 1936ರ ಫೆಬ್ರವರಿ 11ರಂದು ರೋಮ್ ಬಾಗಿಲು ತೆರೆಯಿತು. ತಡವಾಯಿತು, ನಿಜ. ಅಷ್ಟರಲ್ಲಿ ಸತ್ತವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಆದರೂ ಮನುಷ್ಯರು ಮಾಡಿದ ನಿಯಮವನ್ನು ಮನುಷ್ಯರೇ ತಿದ್ದಬಲ್ಲರೆಂಬುದು ಅಂದು ಸಿದ್ಧವಾಯಿತು.

ಇಂದಿನ ಅಡ್ಡಿಗಳು ಸರ್ಕಾರಗಳ ಖಜಾನೆಯಲ್ಲಿವೆ. ಬಡ ದೇಶಗಳ ತಾಯಂದಿರ ಆರೈಕೆಗೂ ಹಣ ನೀಡುತ್ತಿದ್ದ ಯು.ಎಸ್. ಏಡ್ ಸಂಸ್ಥೆಯನ್ನು ಅಮೆರಿಕವು 2025ರಲ್ಲಿ ಮುಚ್ಚಿತು. ಬ್ರಿಟನ್ ಸಹ ವಿದೇಶಿ ನೆರವಿನ ಕಡಿತವನ್ನು ಪ್ರಕಟಿಸಿತು. ಹೋದದ್ದು ಭಿಕ್ಷೆ ತಾನೇ ಎನ್ನುವವರು ಸಾಲದ ಲೆಕ್ಕವನ್ನೂ ನೋಡಬೇಕು. ಆರೋಗ್ಯಕ್ಕೆ ವೆಚ್ಚ ಮಾಡುವುದಕ್ಕಿಂತ ಹೆಚ್ಚು ಹಣವನ್ನು ಬಡ್ಡಿಗೆ ಕಟ್ಟುವ ರಾಷ್ಟ್ರಗಳು ಹಲವಿವೆ. ದಾದಿಯ ಸಂಬಳ, ಔಷಧದ ಫ್ರಿಜ್ಜು, ಎಲ್ಲವೂ ಆ ಬಡ್ಡಿಯಲ್ಲಿ ಕರಗಿಹೋಗುತ್ತವೆ. ತೀರಿಸಲಾಗದ ಇಂಥ ಸಾಲವನ್ನು ಮನ್ನಾ ಮಾಡಿರೆಂದು ಜಗದ್ಗುರು ಫ್ರಾನ್ಸಿಸರು 2025ರ ಜ್ಯೂಬಿಲಿ ವರ್ಷಕ್ಕಾಗಿ ಸಿರಿವಂತ ರಾಷ್ಟ್ರಗಳನ್ನು ಕೋರಿದ್ದರು. ಇದು ದಾನದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆಯೆಂದೂ ಸ್ಪಷ್ಟಪಡಿಸಿದ್ದರು. ಜ್ಯೂಬಿಲಿಯ ಯಾತ್ರೆಗಳು ನಮ್ಮಲ್ಲಿ ವಿಜೃಂಭಣೆಯಿಂದ ನಡೆದವು. ಈ ಕೋರಿಕೆಯನ್ನು ಭಾನುವಾರದ ಪೂಜೆಯಲ್ಲಿ ಓದಿ ತಿಳಿಸಿದ ಧರ್ಮಕೇಂದ್ರಗಳು ಎಷ್ಟು?