ಗೋಣಿಚೀಲ ಮತ್ತು ಮುದಿ ಬೆಕ್ಕು

ಕಳೆದ ಮಳೆಗಾಲದಲ್ಲಿ ಶಿಕಾರಿಪುರದ ನಮ್ಮ ಮನೆಯ ಬೆಕ್ಕು ಸತ್ತುಹೋಯಿತು. ಅದಕ್ಕೆ 16 ವರ್ಷವಾಗಿತ್ತು. ಬೆಕ್ಕು ಸತ್ತದ್ದೂ ಒಂದು ಸುದ್ದಿಯೇ ಎಂದು ಓದುಗರು ಹುಬ್ಬೇರಿಸಬಹುದು. ನಾನು ಹೇಳಹೊರಟಿರುವುದು ಅದರ ಸಾವಿನ ಬಗ್ಗೆಯಲ್ಲ. ಸಾವಿಗೆ ಸುಮಾರು ಮೂರು ವಾರಗಳ ಮೊದಲು ನೆರೆಯವರೊಬ್ಬರು ಕೊಟ್ಟ ಸಲಹೆಯ ಬಗ್ಗೆ.

“ಒಂದು ಗೋಣಿಚೀಲಕ್ಕೆ ಹಾಕಿ ಕುಮದ್ವತಿ ಹೊಳೆಯ ಆಚೆ ಬಿಟ್ಟು ಬನ್ನಿ. ನೀವು ಯಾಕೆ ಇದರ ಹೇಲು-ಉಚ್ಚೆ ಬಳಿಯುತ್ತಾ ಕೂರುತ್ತೀರಿ?”

ಅವರು ಕ್ರೂರಿಯಲ್ಲ. ನೆರೆಹೊರೆಯ ಕಷ್ಟ-ಸುಖಕ್ಕೆ ಮೊದಲು ಒದಗುವವರು. ಅಮ್ಮಿಯ ಬೆನ್ನುನೋವನ್ನು ಕಂಡು ಕನಿಕರದಿಂದಲೇ ಹಾಗೆ ಹೇಳಿದರು. ನನ್ನನ್ನು ಚಿಂತೆಗೆ ಹಚ್ಚಿದ್ದೂ ಅದುವೇ. ಒಳ್ಳೆಯ ಮನುಷ್ಯನೊಬ್ಬ ಸಹಜವಾಗಿ ನೀಡಬಹುದಾದ ಸಲಹೆಯಾಗಿ ಗೋಣಿಚೀಲವು ನಮ್ಮ ನಡುವೆ ಉಳಿದುಕೊಂಡಿದೆ. ಹೆಚ್ಚಾದ ಮರಿಗಳು, ಹಾಲಿಗೆ ಬಾಯಿ ಹಾಕುವ ಬೆಕ್ಕು, ಮುದಿಯಾದ ಬೆಕ್ಕು, ಎಲ್ಲಕ್ಕೂ ಅದೊಂದೇ ಪರಿಹಾರ. ಕೊಂದ ಪಾಪವೂ ಇಲ್ಲ, ಸಾಕುವ ಕಷ್ಟವೂ ಇಲ್ಲ!

ನಿಜಕ್ಕೂ ಪಾಪವಿಲ್ಲವೇ?

ಆ ಬೆಕ್ಕನ್ನು ನಾವು ಪ್ರೀತಿಗೆಂದು ತಂದವರಲ್ಲ. ನಮ್ಮ ಕಡೆ ಮೆಕ್ಕೆಜೋಳ ಬೆಳೆಯುವ ಮನೆಗಳಲ್ಲಿ ಚೀಲಗಳ ರಾಶಿ ಬಿದ್ದೊಡನೆ ಇಲಿಗಳೂ ಬರುತ್ತವೆ. ಇಲಿಗಾಗಿ ಬೆಕ್ಕು ಬಂತು. ಹತ್ತು-ಹನ್ನೆರಡು ವರ್ಷ ಅದು ರಾತ್ರಿಯೆಲ್ಲಾ ದುಡಿಯಿತು. ಕೂಲಿಯೆಂದು ಪಡೆದದ್ದು ಒಂದಿಷ್ಟು ಅನ್ನ, ಮೀನಿನ ತಲೆ ಮತ್ತು ಒಲೆಯ ಪಕ್ಕದ ಜಾಗ. ನಂತರ ಹಲ್ಲುಗಳು ಉದುರಿದವು. ಇಲಿ ಎದುರಿಗೆ ಹಾದುಹೋದರೂ ತಲೆಯೆತ್ತಿ ನೋಡಿ ಸುಮ್ಮನಾಗುತ್ತಿತ್ತು. ಕೊನೆಯ ವರ್ಷದಲ್ಲಿ ನೀರು ಕುಡಿಯುವುದು ವಿಪರೀತವಾಯಿತು, ಮೈ ಇಳಿಯಿತು, ಕೂದಲು ಗಂಟುಕಟ್ಟಿತು. ಪಶುವೈದ್ಯರು ಪರೀಕ್ಷಿಸಿ, ಮೂತ್ರಪಿಂಡಗಳು ಸೋತಿವೆ ಎಂದರು. ಮುದಿ ಬೆಕ್ಕುಗಳಲ್ಲಿ ಇದು ಸಾಮಾನ್ಯ ಕಾಯಿಲೆ. ಮೂತ್ರಪಿಂಡದ ಮೂರರಲ್ಲಿ ಎರಡು ಪಾಲು ಶಕ್ತಿ ಕುಂದುವವರೆಗೆ ಹೊರಗೆ ಏನೂ ಕಾಣಿಸುವುದಿಲ್ಲವಂತೆ. ಬೆಕ್ಕು ನೋವನ್ನು ಅಡಗಿಸುವ ಪ್ರಾಣಿ. ನಮಗೆ ತಿಳಿಯುವಾಗ ತಡವಾಗಿರುತ್ತದೆ.

ವಾಸಿಯಾಗುವುದಿಲ್ಲ, ತೀರಾ ನರಳಿದರೆ ಚುಚ್ಚುಮದ್ದು ಕೊಟ್ಟು ಮಲಗಿಸಬಹುದು, ಯೋಚಿಸಿ ಎಂದರು ವೈದ್ಯರು. ಮನೆಗೆ ಬಂದಾಗ ಅಮ್ಮಿ ನನ್ನತ್ತ ನೋಡಿ, “ನೀನು ಮದ್ರಸದಲ್ಲಿ ಓದಿದವನಲ್ಲವೇ, ಹೇಳು, ಮಾಡಬಹುದೇ?” ಎಂದು ಕೇಳಿದರು.

ನಾನು ಕಿತಾಬುಗಳನ್ನು ತೆರೆದೆ. ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಮಾಂಸಕ್ಕಾಗಿ ಕೊಯ್ಯಲಾಗದ ಪ್ರಾಣಿಯ ಜೀವವನ್ನು ನೋವಿನಿಂದ ಬಿಡುಗಡೆಗೊಳಿಸಲೆಂದೂ ತೆಗೆಯಬಾರದು ಎಂದು ಶಾಫಿಈ ಗ್ರಂಥಗಳಲ್ಲಿದೆ. ಹನಫಿ ವಿದ್ವಾಂಸರು ಈ ವಿಷಯದಲ್ಲಿ ಸಡಿಲಿಕೆ ತೋರಿದ್ದಾರೆ. ಆದರೆ ಪ್ರಾಣಿಗೆ ಅನಗತ್ಯ ಹಿಂಸೆಯಾಗಬಾರದು ಎಂಬಲ್ಲಿ ಇಬ್ಬರಿಗೂ ಭಿನ್ನಮತವಿಲ್ಲ. ಕೊಯ್ಯುವಾಗಲೂ ಕತ್ತಿಯನ್ನು ಹರಿತಗೊಳಿಸಿ ಪ್ರಾಣಿಗೆ ನಿರಾಳತೆ ನೀಡಬೇಕೆಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳಲ್ಲವೇ ನಾವು? ಆದ್ದರಿಂದ, ಚುಚ್ಚುಮದ್ದಿನ ಪ್ರಶ್ನೆಯಲ್ಲಿ ವಿಶ್ವಾಸವಿರುವ ಆಲಿಮರನ್ನೂ ಪಶುವೈದ್ಯರನ್ನೂ ಕೇಳಿ ಒಬ್ಬೊಬ್ಬರು ಒಂದೊಂದು ತೀರ್ಮಾನಕ್ಕೆ ಬರಬಹುದು. ಗೋಣಿಚೀಲದ ವಿಷಯದಲ್ಲಿ ಮಾತ್ರ ಎರಡು ಅಭಿಪ್ರಾಯಗಳಿಗೆ ಅವಕಾಶವಿದೆಯೆಂದು ನನಗನಿಸುವುದಿಲ್ಲ.

ಬೆಕ್ಕೊಂದನ್ನು ಕಟ್ಟಿಹಾಕಿ, ತಾನೂ ಆಹಾರ ನೀಡದೆ, ಅದು ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀಯು ನರಕಕ್ಕೆ ಹೋದ ಪ್ರಸಂಗವು ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಗ್ರಂಥಗಳಲ್ಲಿದೆ. ನಾವು ಕಟ್ಟಿಹಾಕುವುದಿಲ್ಲ, ಬಿಟ್ಟುಬರುತ್ತೇವೆ, ಆದ್ದರಿಂದ ಅದು ನಮಗೆ ಅನ್ವಯಿಸದು ಎಂದು ಕೆಲವರು ಹೇಳಬಹುದು. ಆದರೆ ಹಲ್ಲಿಲ್ಲದ, ಓಡಲಾಗದ ಬೆಕ್ಕಿಗೆ ಹೊಳೆಯಾಚೆಯ ಬಯಲು ಬಾಗಿಲು ಹಾಕಿದ ಕೋಣೆಗಿಂತ ಬೇರೆಯೇ? ಅಲ್ಲಿ ಅದು ಏನನ್ನು ಬೇಟೆಯಾಡೀತು? ಬೆಕ್ಕು ತನ್ನ ಜಾಗವನ್ನು ನೆಚ್ಚಿಕೊಂಡು ಬದುಕುವ ಜೀವಿ. ಅದು ಮನೆಯ ದಾರಿ ಹುಡುಕುತ್ತಾ ನಡೆಯುತ್ತದೆ. ನಾಯಿಗಳಿಗೋ ಲಾರಿಯ ಚಕ್ರಕ್ಕೋ ಸಿಕ್ಕಿದರೆ ನಾವು ನೋಡಿರುವುದಿಲ್ಲ, ಅಷ್ಟೇ. ಪಾಪ ನಮ್ಮ ಕಣ್ಣಿಗೆ ಬೀಳದಂತೆ ಮಾಡುವುದಷ್ಟೇ ಗೋಣಿಚೀಲದ ಉಪಯೋಗ.

ದೇಶದ ಕಾನೂನೂ ಇದನ್ನು ಒಪ್ಪುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಹಸಿವು-ಬಾಯಾರಿಕೆಯಿಂದ ನರಳುವ ಸಂಭವವಿರುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ. ಆದರೆ ಮೊದಲ ಬಾರಿಯ ತಪ್ಪಿಗೆ ಆ ಕಾಯ್ದೆ ನಿಗದಿಪಡಿಸಿದ ದಂಡ 10ರಿಂದ 50 ರೂಪಾಯಿ! ಅದಕ್ಕೆ ಯಾರು ಹೆದರಿಯಾರು? ದಂಡಕ್ಕೆ ಹೆದರದವರನ್ನು ತಡೆಯಬೇಕಾದದ್ದು ಮನಸ್ಸಾಕ್ಷಿ.

ನಮ್ಮ ಸಭೆಗಳಲ್ಲಿ ಬೆಕ್ಕಿನ ಮಾತು ಬಂದರೆ, ನಿಲುವಂಗಿಯ ಮೇಲೆ ಮಲಗಿದ್ದ ಬೆಕ್ಕನ್ನು ಎಬ್ಬಿಸಲೊಲ್ಲದೆ ಪ್ರವಾದಿ(ಸ)ಯವರು ತೋಳಿನ ಬಟ್ಟೆಯನ್ನೇ ಕತ್ತರಿಸಿದರೆಂಬ ಕತೆಯನ್ನು ಹೇಳುತ್ತಾರೆ. ವಿಶ್ವಾಸಾರ್ಹ ಹದೀಸ್ ಗ್ರಂಥಗಳಲ್ಲಿ ಆ ಕತೆ ಇಲ್ಲ. ಅದರ ಅಗತ್ಯವೂ ಇಲ್ಲ. ಅಬೂ ಕತಾದ(ರ) ತಮ್ಮ ವುಝೂವಿನ ನೀರಿನ ಪಾತ್ರೆಯನ್ನು ಬೆಕ್ಕಿಗೆ ಬಾಗಿಸಿ ಹಿಡಿದರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಮ್ಮ ನಡುವೆ ಓಡಾಡಿಕೊಂಡಿರುವ ಜೀವಿ ಎಂಬ ಪ್ರವಾದಿವಚನವನ್ನು ತಿಳಿಸಿದರು. ಈ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ನಮ್ಮ ನಡುವೆ ಓಡಾಡಿಕೊಂಡಿರುವ ಜೀವಿ! ಓಡಾಡುವ ಶಕ್ತಿ ಉಡುಗಿದ ದಿನವೇ ಅದು ನಮ್ಮದಲ್ಲವಾಗುವುದೇ?

“ಮನುಷ್ಯರಿಗೇ ದಿಕ್ಕಿಲ್ಲ, ಇನ್ನು ಬೆಕ್ಕಿಗೆಲ್ಲಿ?” ಎಂಬ ಆಕ್ಷೇಪವೂ ಇದೆ. ಸರಿಯೇ. ಆದರೆ ದಿಕ್ಕಿಲ್ಲದವರಿಗೆ ದಿಕ್ಕಾಗುವುದು ಈ ಮಣ್ಣಿಗೆ ಹೊಸತಲ್ಲ. ನಮ್ಮ ತಾಲೂಕಿನ ಬಳ್ಳಿಗಾವಿಯಲ್ಲಿದ್ದ ಕೋಡಿಮಠವು ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನದ ತಾಣವೂ ಅನಾಥ ರೋಗಿಗಳಿಗೆ ಔಷಧದ ತಾಣವೂ ಆಗಿತ್ತೆಂದು 1162ರ ಶಾಸನ ಹೇಳುತ್ತದೆ. ಮುಸ್ಲಿಮರ ಇತಿಹಾಸದಲ್ಲಿ ಈ ಕಾಳಜಿ ಬೆಕ್ಕುಗಳವರೆಗೂ ಚಾಚಿತ್ತು. 13ನೇ ಶತಮಾನದ ಸುಲ್ತಾನ ಬೈಬರ್ಸ್ ಕೈರೋದ ಬೆಕ್ಕುಗಳಿಗಾಗಿ ತೋಟವೊಂದನ್ನು ವಕ್ಫ್ ಮಾಡಿದ್ದರೆಂದು ಹೇಳಲಾಗುತ್ತದೆ. 19ನೇ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್, ಖಾಝಿಯ ಮನೆಯಂಗಳದಲ್ಲಿ ಪ್ರತಿದಿನ ಬೆಕ್ಕುಗಳಿಗೆ ಆಹಾರ ಹಾಕುತ್ತಿದ್ದುದನ್ನು ದಾಖಲಿಸಿದ್ದಾರೆ. ಬೆಕ್ಕನ್ನು ಸಾಕಲಾಗದವರು ತಂದು ಬಿಡುತ್ತಿದ್ದುದೂ ಅದೇ ಅಂಗಳದಲ್ಲಿ. ಅಂದರೆ ಕೈಚೆಲ್ಲುವವರು ಅಲ್ಲಿಯೂ ಇದ್ದರು. ಆದರೆ ಕೈಚೆಲ್ಲಿದ್ದನ್ನು ಹಿಡಿದುಕೊಳ್ಳುವ ಒಂದು ವ್ಯವಸ್ಥೆಯನ್ನು ಸಮಾಜ ಮಾಡಿತ್ತು.

ಇಂದು ನಾನು ಅಂಥ ತೋಟವನ್ನು ಕೇಳುತ್ತಿಲ್ಲ. ಮುದಿ ಬೆಕ್ಕಿಗೆ ಬೇಕಾದದ್ದು ಕಡಿಮೆ. ಬೆಚ್ಚಗಿನ ಮೂಲೆ, ಹಳೆಯ ಬಟ್ಟೆ, ಕೈಗೆಟಕುವಂತೆ ನೀರು, ಮಿದುಮಾಡಿದ ಮೀನು. ಹಸುವಿನ ಹಾಲು ಅನೇಕ ಬೆಕ್ಕುಗಳಿಗೆ ಜೀರ್ಣವಾಗುವುದಿಲ್ಲ. ನೋವೆಂದು ಪ್ಯಾರಾಸಿಟಮಾಲ್ ಕೊಡಲೇಬಾರದು, ಬೆಕ್ಕಿನ ಪಾಲಿಗೆ ಅದು ವಿಷ, ಒಂದೇ ಮಾತ್ರೆ ಪ್ರಾಣ ತೆಗೆದೀತು. ಸತ್ತ ಮೇಲೆ ತಿಪ್ಪೆಗೆ ಎಸೆಯದೆ, ಬಾವಿಯಿಂದ ದೂರ, ನಾಯಿ ಕೆದರದಷ್ಟು ಆಳವಾಗಿ ಹೂಳಬೇಕು. ಇದಿಷ್ಟನ್ನು ವರ್ಷಕ್ಕೊಂದು ಜುಮಾ ಖುತ್ಬಾದಲ್ಲಿ ಹೇಳಿದರೆ ಎಷ್ಟೋ ಗೋಣಿಚೀಲಗಳು ಜೋಳ ತುಂಬಲಷ್ಟೇ ಬಳಕೆಯಾದಾವು.

ಅಮ್ಮಿಯ ಪ್ರಶ್ನೆಗೆ ನಾನು ಸಕಾಲದಲ್ಲಿ ಉತ್ತರಿಸಲಿಲ್ಲ. ನಾನು ಪುಟಗಳನ್ನು ತಿರುವುತ್ತಿದ್ದ ಆ ರಾತ್ರಿಗಳಲ್ಲಿ ಅವರು ಹತ್ತಿಯನ್ನು ನೀರಲ್ಲಿ ಅದ್ದಿ ಬೆಕ್ಕಿನ ತುಟಿಗೆ ಸವರುತ್ತಾ ಕುಳಿತಿರುತ್ತಿದ್ದರು. ಒಂದು ದಿನ ಫಜ್ರ್‌ಗೆ ಎದ್ದಾಗ ಅದು ಅವರ ಹಳೆಯ ದುಪಟ್ಟಾದ ಮೇಲೆ ತಣ್ಣಗಾಗಿತ್ತು. ಹಿತ್ತಲಿನ ಕರಿಬೇವಿನ ಗಿಡದ ಬಳಿ ಅಬ್ಬಾ ಗುಂಡಿ ತೋಡಿದರು. ಸಲಹೆ ಕೊಟ್ಟ ನೆರೆಯವರೂ ಬಂದು, ಏನೂ ಮಾತಾಡದೆ, ಅಬ್ಬಾರ ಕೈಯಿಂದ ಗುದ್ದಲಿ ತೆಗೆದುಕೊಂಡರು.