ಹೆದ್ದಾರಿಯ ಸರಕಲ್ಲ ಅಭಿಮಾನ

ಫುಟ್‌ಬಾಲ್ ತಂಡವೊಂದನ್ನು ಜೀವಮಾನವೆಲ್ಲ ಪ್ರೀತಿಸುವವನನ್ನು ಕಂಡರೆ ನಮ್ಮಲ್ಲಿ ಬುದ್ಧಿವಂತರೆನಿಸಿಕೊಂಡವರಿಗೆ ಒಂದು ಬಗೆಯ ತಾತ್ಸಾರ. “ಒದ್ದವರು ಯಾರೋ, ಗೆದ್ದವರು ಯಾರೋ, ಇವನಿಗೇಕಪ್ಪ ಹೆಮ್ಮೆ?” ಎಂದು ಮೂಗು ಮುರಿಯುತ್ತಾರೆ. ಬಸವಕಲ್ಯಾಣದಲ್ಲೋ ಹುಮನಾಬಾದಿನಲ್ಲೋ ಕುಳಿತು ಹೈದರಾಬಾದಿನ ತಂಡಕ್ಕಾಗಿ ಹಂಬಲಿಸುವವನಂತೂ ಅವರ ಕಣ್ಣಿಗೆ ಶುದ್ಧ ಮರುಳ. ಈ ಮಾತಿಗೆ ಉತ್ತರ ಹೇಳಲೇಬೇಕಾಗಿದೆ. ಏಕೆಂದರೆ ಇಂಥ ತಾತ್ಸಾರದ ಮರೆಯಲ್ಲಿಯೇ ಒಂದು ಅನ್ಯಾಯ ಸದ್ದಿಲ್ಲದೆ ನಡೆದುಹೋಗಿದೆ.

ಮೊದಲು ಹೆಮ್ಮೆಯ ಮಾತು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ತೇರೆಳೆಯುವವರ ಪೈಕಿ ಆ ತೇರನ್ನು ಕೆತ್ತಿದವರು ಎಷ್ಟು ಮಂದಿ? ಆದರೂ ಪ್ರತಿಯೊಬ್ಬನೂ “ನಮ್ಮ ತೇರು” ಎನ್ನುತ್ತಾನೆ. ಆ ಮಾತು ಸುಳ್ಳಲ್ಲ. ಎಳೆಯುವವರಿಲ್ಲದಿದ್ದರೆ ತೇರು ಬರಿಯ ಮರ. ಅಭಿಮಾನಿಯ ಹೆಮ್ಮೆಯೂ ಇದೇ ಜಾತಿಯದು. ಅವನು ಆಟಗಾರನ ಕೀರ್ತಿಯನ್ನು ಕದಿಯುತ್ತಿಲ್ಲ. ತಂದೆಯ ಹೆಗಲ ಮೇಲೆ ಕುಳಿತು ನೋಡಿದ ತಂಡವನ್ನು ತನ್ನ ಮಗನಿಗೆ ತೋರಿಸುತ್ತಾನೆ. ಸೋತ ದಿನವೂ ಅದೇ ಬಣ್ಣದ ಅಂಗಿ ತೊಡುತ್ತಾನೆ. ಲಾಭದಲ್ಲಿ ಪಾಲಿಲ್ಲ, ನೋವಿನಲ್ಲಿ ಮಾತ್ರ ಪೂರ್ತಿ ಪಾಲು. ಇಷ್ಟು ನಿಸ್ವಾರ್ಥವಾದ ಪ್ರೀತಿಯನ್ನು ಮರುಳೆನ್ನುವುದಾದರೆ ಲೋಕದಲ್ಲಿ ಪ್ರೀತಿಯೆಂಬುದೇ ಉಳಿಯದು.

ಹೈದರಾಬಾದಿನ ಫುಟ್‌ಬಾಲ್ ನಮ್ಮ ಈ ಎರಡು ಊರುಗಳಿಗೆ ಪರಕೀಯವೂ ಅಲ್ಲ. ಸೈಯದ್ ಅಬ್ದುಲ್ ರಹೀಂ ಅವರ ತರಬೇತಿಯಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತವಾಗಿ 5 ಸಲ ರೋವರ್ಸ್ ಕಪ್ ಗೆದ್ದಾಗ ಈ ಊರುಗಳು ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. 1951ರಲ್ಲಿ ದೆಹಲಿಯಲ್ಲೂ 1962ರಲ್ಲಿ ಜಕಾರ್ತಾದಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದ ಭಾರತ ತಂಡಗಳಿಗೂ ಅದೇ ರಹೀಂ ಮಾಸ್ತರರೇ ಗುರು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯವನ್ನು ಸೇರಿತು, ಅದು ನ್ಯಾಯವೇ. ಆದರೆ ನಕ್ಷೆಯ ಗೆರೆ ಸರಿದೊಡನೆ ಮನಸ್ಸಿನ ನಂಟೂ ಸರಿಯಬೇಕೆ? ಹುಮನಾಬಾದಿನಿಂದ ಹೈದರಾಬಾದು ಸುಮಾರು 150 ಕಿಲೋಮೀಟರು. ಬೆಂಗಳೂರು 600ಕ್ಕೂ ಮಿಗಿಲು.

ಇನ್ನು ಅನ್ಯಾಯದ ಮಾತು. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಹುಮನಾಬಾದನ್ನು ಹಾದುಹೋಗುತ್ತದೆ. ಅದೇ ದಾರಿಯಲ್ಲಿ, ಲಾರಿಗೇರಿಸಿದ ಸರಕಿನಂತೆ, 2019ರಲ್ಲಿ ಒಂದು ಕ್ಲಬ್ಬೇ ಸಾಗಿತು. ಎಫ್‌ಸಿ ಪುಣೆ ಸಿಟಿ ಮುಚ್ಚಿತು. ಅದರ ಸ್ಥಾನದಲ್ಲಿ ಹೈದರಾಬಾದ್ ಎಫ್‌ಸಿ ಎದ್ದಿತು. ಪುಣೆಯವರ ಮನೆ ಬರಿದಾದುದನ್ನು ನಾವು ಆಗ ಕೇಳಲಿಲ್ಲ, ಬಂದದ್ದನ್ನು ಬಾಚಿಕೊಂಡೆವು. 2022ರ ಮಾರ್ಚ್‌ನಲ್ಲಿ ಗೋವೆಯ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಕಪ್ ಗೆದ್ದಾಗ ಹಿಗ್ಗಿದೆವು. 2025ರಲ್ಲಿ ಅದೇ ಕ್ಲಬ್ಬನ್ನು ದೆಹಲಿಗೆ ಒಯ್ದು ಹೆಸರನ್ನೂ ಬದಲಿಸಲಾಯಿತು. ಪುಣೆಗಾದ ಗತಿಯೇ ಹೈದರಾಬಾದಿಗೂ ಆಯಿತು. ಅಂದು ಸುಮ್ಮನಿದ್ದ ನಮಗೆ ಇಂದು ಯಾರು ದನಿಗೂಡಿಸಬೇಕು?

“ಹಣ ಹೂಡಿದವನ ಸೊತ್ತು, ಅವನಿಷ್ಟ” ಎನ್ನುವವರುಂಟು. ಹಣ ಹೂಡಿದವನು ನಷ್ಟ ಹೊರಲಾರೆನೆಂದರೆ ಅವನನ್ನು ಕಟ್ಟಿಹಾಕಲಾಗದು, ಒಪ್ಪೋಣ. ಅವನು ಬಿಟ್ಟುಹೋಗಲಿ, ಮಾರಿಹೋಗಲಿ. ಆದರೆ ಹೊತ್ತುಕೊಂಡು ಹೋಗುವುದು ಬೇರೆ ಮಾತು. ಆಟಗಾರರ ಕರಾರು ಅವನದು. ಊರಿನ ಅಕ್ಕರೆ ಅವನದಲ್ಲ. ಜರ್ಮನಿಯಲ್ಲಿ 1998ರಿಂದ ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲಿಯೇ ಇರಬೇಕೆಂಬ ನಿಯಮವಿದೆ. ಕೆಲವು ವಿನಾಯಿತಿಗಳಿದ್ದರೂ ಆಟವೇನೂ ಬಡವಾಗಿಲ್ಲ. ನಮ್ಮಲ್ಲೇ ನೋಡಿ: 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್‌ಗೆ 2020ರಲ್ಲಿ ಎಟಿಕೆ ಎಂಬ ಮುಂಬಾಲ ಅಂಟಿಸಿದಾಗ ಕಲ್ಕತ್ತೆಯ ಅಭಿಮಾನಿಗಳು ಬೀದಿಗಿಳಿದರು, 2023ರಲ್ಲಿ ಆ ಎಟಿಕೆ ಅಳಿಸಿಹೋಯಿತು. ಪ್ರೀತಿಗೂ ಹಟವಿರಬೇಕು.

ಅದೇ ಹೆದ್ದಾರಿಯಿಂದ ತುಸು ಒಳಗಿರುವ ಬಸವಕಲ್ಯಾಣವನ್ನೊಮ್ಮೆ ನೆನೆಯಿರಿ. ಧರ್ಮವನ್ನೂ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಇರಾದೆ ನಮ್ಮದಲ್ಲ. ಆದರೂ ಆ ಊರು ಒಂದು ಪಾಠ ಹೇಳುತ್ತದೆ. ಚಾಲುಕ್ಯರ ಸಿಂಹಾಸನ ಹೋಯಿತು, ಬಿಜ್ಜಳನ ಅಧಿಕಾರ ಹೋಯಿತು, ಶರಣರು ದಿಕ್ಕುದಿಕ್ಕಿಗೆ ಚದುರಿದರು. ಕಾಲ ಉರುಳಿದ ಮೇಲೆ ಊರು ತನ್ನ ಹೆಸರಿನಲ್ಲಿ ಹೊತ್ತದ್ದು ಗೆದ್ದ ಅರಸನನ್ನಲ್ಲ, ಜನರು ಪ್ರೀತಿಸಿದ ಬಸವಣ್ಣನವರನ್ನು.

ಆದುದರಿಂದ ಫುಟ್‌ಬಾಲ್ ಆಡಳಿತಗಾರರಲ್ಲಿ ನಮ್ಮ ಬೇಡಿಕೆ ಸರಳವಾದುದು. ಕ್ಲಬ್ಬಿನ ಹೆಸರು, ಬಣ್ಣ, ಊರು — ಈ ಮೂರನ್ನು ಅಭಿಮಾನಿಗಳ ಒಪ್ಪಿಗೆಯಿಲ್ಲದೆ ಬದಲಿಸಕೂಡದೆಂದು ನಿಯಮವಾಗಲಿ. ತೇರನ್ನು ಯಾರೇ ಮಾಡಿಸಿರಲಿ, ಎಳೆಯುವವರನ್ನು ಕೇಳದೆ ಅದನ್ನು ಪರವೂರಿಗೆ ಸಾಗಿಸಲು ಯಾವ ಊರೂ ಬಿಡುವುದಿಲ್ಲ.